ಕಣ ಚಿಕ್ಕದು, ಲೆಕ್ಕ ದೊಡ್ಡದು: ವೇಫರ್ ತಪಾಸಣೆ ಕುರಿತು ಓದುಗರ ಪ್ರಶ್ನೆಗಳು

ಚಿಪ್ ತಯಾರಿಸುವ ಸಿಲಿಕಾನ್ ವೇಫರ್ (ತೆಳು ದುಂಡು ಬಿಲ್ಲೆ) ಮೇಲಿನ ಸೂಕ್ಷ್ಮ ದೋಷಗಳನ್ನು ಬೆಳಕಿನಿಂದ ಪತ್ತೆ ಹಚ್ಚುವ ಬಗ್ಗೆ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರ. ಒಂದೇ ವಿಷಯದ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಬೆಳಕಿನ ತರಂಗಾಂತರದ ಅರ್ಧಕ್ಕಿಂತ ಚಿಕ್ಕದು ಸೂಕ್ಷ್ಮದರ್ಶಕದಲ್ಲಿ ಕಾಣುವುದಿಲ್ಲ ಎಂದು ಓದಿದ್ದೇವೆ. ಆದರೆ ವೇಫರ್ ಮೇಲಿನ 30 ನ್ಯಾನೊಮೀಟರ್ ಕಣವನ್ನೂ ಲೇಸರಿನಿಂದ ಹಿಡಿಯುತ್ತಾರಂತೆ. ಯಾವುದು ಸರಿ?
(ಎಂ.ಎಸ್ಸಿ. ಭೌತಶಾಸ್ತ್ರ ವಿದ್ಯಾರ್ಥಿನಿ, ಬಳ್ಳಾರಿ)

ಎರಡೂ ಸರಿ. ನೀವು ಓದಿದ ಮಿತಿ ಆಕಾರ ಬಿಡಿಸಿ ನೋಡುವುದಕ್ಕೆ ಸಂಬಂಧಿಸಿದ್ದು. ಪಕ್ಕಪಕ್ಕದ ಎರಡು ಚುಕ್ಕೆಗಳು ಎರಡಾಗಿಯೇ ಕಾಣಬೇಕಾದರೆ ನಡುವೆ ಎಷ್ಟು ಅಂತರ ಬೇಕು ಎಂಬುದನ್ನು ಅದು ಹೇಳುತ್ತದೆ. ಒಂಟಿ ಕಣ ಅಲ್ಲಿ ಇದೆಯೋ ಇಲ್ಲವೋ ಎಂದು ತಿಳಿಯಲು ಆಕಾರ ಕಾಣಬೇಕಿಲ್ಲ. ಹಿನ್ನೆಲೆ ಕತ್ತಲಾಗಿದ್ದು, ಕಣದಿಂದ ಚದುರಿದ ಒಂದಿಷ್ಟು ಫೋಟಾನ್ ಡಿಟೆಕ್ಟರಿಗೆ ಬಂದರೆ ಸಾಕು.

ಇನ್ನೂ ಏನನ್ನೂ ಮುದ್ರಿಸದ ಖಾಲಿ ವೇಫರನ್ನು ತಪಾಸಣೆ ಮಾಡುವುದು ಹೀಗೇ. ಲೇಸರ್ ಕಿರಣವನ್ನು ಓರೆಯಾಗಿ ಬಿಡುತ್ತಾರೆ. ನುಣುಪು ಮೇಲ್ಮೈಯಿಂದ ಅದು ಎದುರು ಬದಿಗೆ ಪ್ರತಿಫಲಿಸುತ್ತದೆ, ಅಲ್ಲಿ ಕಪ್ಪು ಬಲೆಯೊಂದು ಅದನ್ನು ನುಂಗಿಕೊಳ್ಳುತ್ತದೆ. ಮೇಲಿರುವ ಡಿಟೆಕ್ಟರಿಗೆ ಕತ್ತಲೆಯೇ ಕಾಣಬೇಕು. ಕಣವೋ ಕುಳಿಯೋ ಸಿಕ್ಕ ಕ್ಷಣ ಬೆಳಕು ಚದುರಿ ಒಂದು ಮಿಡಿತ ಏಳುತ್ತದೆ. ಇದು ಡಾರ್ಕ್‌ಫೀಲ್ಡ್ ವಿಧಾನ. ವೇಫರ್ ಗಿರಗಿರನೆ ತಿರುಗುತ್ತಾ ಪಕ್ಕಕ್ಕೂ ಸರಿಯುವುದರಿಂದ ಲೇಸರ್ ಚುಕ್ಕೆ ಸುರುಳಿ ಹಾದಿಯಲ್ಲಿ ಇಡೀ ಮೇಲ್ಮೈಯನ್ನು ಸವರುತ್ತದೆ.

ಕಷ್ಟ ಶುರುವಾಗುವುದು ಕಣ ಚಿಕ್ಕದಾದಂತೆ. ತರಂಗಾಂತರಕ್ಕಿಂತ ಬಹಳ ಚಿಕ್ಕ ಕಣ ಚದುರಿಸುವ ಬೆಳಕು ಅದರ ವ್ಯಾಸದ ಆರನೇ ಘಾತಕ್ಕೆ ಅನುಗುಣವಾಗಿರುತ್ತದೆ. 100 ನ್ಯಾನೊಮೀಟರ್ ಕಣಕ್ಕೆ ಹೋಲಿಸಿದರೆ 50ರದ್ದು ಕೊಡುವ ಬೆಳಕು 64ರಲ್ಲಿ ಒಂದು ಪಾಲು, 20ರದ್ದು 15,625ರಲ್ಲಿ ಒಂದು ಪಾಲು. ಇದಕ್ಕೆ ಎದುರಾಗಿ ನಮ್ಮ ಕೈಲಿರುವುದು ತರಂಗಾಂತರ. ಅದರ ನಾಲ್ಕನೇ ಘಾತಕ್ಕೆ ಚದುರುವಿಕೆ ವಿಲೋಮವಾಗಿರುವುದರಿಂದ 532 ನ್ಯಾನೊಮೀಟರ್ ಲೇಸರ್ ಬಿಟ್ಟು 266ಕ್ಕೆ ಇಳಿದರೆ ಅದೇ ಕಣದಿಂದ 16 ಪಟ್ಟು ಬೆಳಕು ಬರುತ್ತದೆ. ತಪಾಸಣೆ ಯಂತ್ರಗಳು 488ರ ಆರ್ಗಾನ್ ಲೇಸರಿನಿಂದ 355ಕ್ಕೆ, ಆಮೇಲೆ 266ಕ್ಕೆ, ಅಂದರೆ ನೇರಳಾತೀತಕ್ಕೆ ಇಳಿದದ್ದು ಈ ಲೆಕ್ಕದ ಮೇಲೆಯೇ.

ಆದರೆ ಪುಕ್ಕಟೆ ಲಾಭ ಇಲ್ಲ. ಎಷ್ಟೇ ಪಾಲಿಶ್ ಮಾಡಿದರೂ ಸಿಲಿಕಾನಿನ ಮೇಲ್ಮೈಯಲ್ಲಿ ಒಂದಿಷ್ಟು ಒರಟುತನ ಉಳಿದಿರುತ್ತದೆ, ಅದೂ ಬೆಳಕು ಚದುರಿಸುತ್ತದೆ. ಈ ಮಂಕು ಹಿನ್ನೆಲೆಗೆ ಹೇಜ್ ಎನ್ನುತ್ತಾರೆ. ತರಂಗಾಂತರ ಇಳಿಸಿದಾಗ ಕಣದ ಬೆಳಕಿನ ಜೊತೆ ಹೇಜ್ ಕೂಡ ಏರುತ್ತದೆ. ಲೇಸರ್ ಚುಕ್ಕೆಯನ್ನು ಕಿರಿದು ಮಾಡಿದರೆ ಕಣದ ಬೆಳಕಿಗೆ ಹೋಲಿಸಿದಾಗ ಹೇಜ್ ಕಡಿಮೆಯಾಗುತ್ತದೆ, ಏಕೆಂದರೆ ಒಂದು ಸಲಕ್ಕೆ ಬೆಳಗುವ ಒರಟು ಜಾಗ ಕಡಿಮೆ. ಆಗ ಸುರುಳಿಯ ಸುತ್ತು ಹೆಚ್ಚಾಗಿ ಸಮಯ ಬೆಳೆಯುತ್ತದೆ. ಲೇಸರ್ ಶಕ್ತಿಯನ್ನೇ ಏರಿಸೋಣ ಎಂದರೆ ಮೇಲ್ಮೈ ಬಿಸಿಯಾಗಿ ಹಾಳಾಗುವ ಭಯ.

ಧ್ರುವೀಕರಣವೂ ಮುಖ್ಯ. ಓರೆ ಕಿರಣದ ವಿದ್ಯುತ್ ಕ್ಷೇತ್ರ ವೇಫರಿಗೆ ಸಮಾನಾಂತರವಾಗಿದ್ದರೆ, ಅಂದರೆ ಎಸ್ ಧ್ರುವೀಕರಣವಿದ್ದರೆ, ಹೋಗುವ ಮತ್ತು ಪ್ರತಿಫಲಿತ ಅಲೆಗಳು ಮೇಲ್ಮೈಯ ಹತ್ತಿರ ಒಂದನ್ನೊಂದು ಬಹುಪಾಲು ಅಳಿಸಿಹಾಕುತ್ತವೆ. 30 ನ್ಯಾನೊಮೀಟರ್ ಎತ್ತರದ ಕಣ ಆ ಕತ್ತಲಲ್ಲೇ ಕೂತಿರುತ್ತದೆ. ಪಿ ಧ್ರುವೀಕರಣದಲ್ಲಿ, ಅಂದರೆ ಕ್ಷೇತ್ರ ಅದಕ್ಕೆ ಲಂಬವಾದ ದಿಕ್ಕಿನಲ್ಲಿದ್ದಾಗ, ಹಾಗಾಗುವುದಿಲ್ಲ. ಖಾಲಿ ಸಿಲಿಕಾನ್ ನೋಡುವಾಗ ಓರೆ ಕಿರಣಕ್ಕೆ ಪಿ ಆರಿಸುವುದು ಇದಕ್ಕೇ.

ಪ್ರಶ್ನೆ: ಯಂತ್ರದ ವರದಿಯಲ್ಲಿ "50 ನ್ಯಾನೊಮೀಟರ್ ಕಣ" ಎಂದಿದ್ದರೆ ಅದರ ಗಾತ್ರ ನಿಜಕ್ಕೂ 50 ತಾನೇ?
(ಉಪನ್ಯಾಸಕರು, ಕೊಪ್ಪಳ)

ಅಷ್ಟೇ ಇರಬೇಕೆಂದೇನೂ ಇಲ್ಲ. ಯಂತ್ರ ಅಳೆಯುವುದು ಬೆಳಕನ್ನು. ಗಾತ್ರ ಗೊತ್ತಿರುವ ಪಾಲಿಸ್ಟೈರೀನ್ ಲೇಟೆಕ್ಸ್ ಗೋಲಿಗಳನ್ನು ಒಂದು ವೇಫರ್ ಮೇಲೆ ಕೂರಿಸಿ, ಯಾವ ಗಾತ್ರದ ಗೋಲಿಗೆ ಎಷ್ಟು ಬೆಳಕು ಬಂತು ಎಂಬ ಕೋಷ್ಟಕ ಮಾಡಿಕೊಂಡಿರುತ್ತಾರೆ. ವರದಿಯಲ್ಲಿನ 50 ಎಂದರೆ "50 ನ್ಯಾನೊಮೀಟರ್ ಲೇಟೆಕ್ಸ್ ಗೋಲಿ ಕೊಡುವಷ್ಟು ಬೆಳಕು ಕೊಟ್ಟಿತು" ಎಂದು ಮಾತ್ರ.

ಲೇಟೆಕ್ಸಿನ ವಕ್ರೀಭವನಾಂಕ ಸುಮಾರು 1.59, ಸಿಲಿಕಾ ಅಥವಾ ಗಾಜಿನದ್ದು 1.46. ಮೇಲ್ಮೈಯ ಪ್ರಭಾವ ಬಿಟ್ಟು ಸರಳ ಲೆಕ್ಕ ಹಾಕಿದರೆ 50ರ ಸಿಲಿಕಾ ಕಣ 47ರ ಆಸುಪಾಸು ತೋರುತ್ತದೆ, 50ರ ಸಿಲಿಕಾನ್ ಚೂರು 68ರ ಹತ್ತಿರ ತೋರುತ್ತದೆ. ಉದ್ದನೆಯ ಚೂರಾದರೆ ಅದು ಮಲಗಿದ ದಿಕ್ಕಿನ ಮೇಲೂ ಉತ್ತರ ಬದಲಾಗುತ್ತದೆ. ಹಾಗಾಗಿ ಒಂದೇ ಯಂತ್ರ, ಒಂದೇ ರೆಸಿಪಿಯಲ್ಲಿ (ಯಂತ್ರದ ಹೊಂದಾಣಿಕೆಗಳಲ್ಲಿ) ನಿನ್ನೆಗೂ ಇವತ್ತಿಗೂ ಹೋಲಿಸಲು ಈ ಸಂಖ್ಯೆ ಬಹಳ ಚೆನ್ನ. ಬೇರೆ ಕಂಪನಿಯ ಯಂತ್ರದ ಸಂಖ್ಯೆಯ ಪಕ್ಕ ಇಟ್ಟು ವಾದಿಸುವುದು ದಂಡ.

ಇನ್ನೊಂದು ಎಡವಟ್ಟು: ಸ್ಫಟಿಕ ಬೆಳೆಯುವಾಗಲೇ ಉಳಿದ ಸೂಕ್ಷ್ಮ ಪೊಳ್ಳುಗಳು ಪಾಲಿಶ್ ಆದಮೇಲೆ ಕುಳಿಗಳಾಗಿ ತೆರೆದುಕೊಂಡು "ಕಣ" ಎಂದೇ ಲೆಕ್ಕಕ್ಕೆ ಬರುತ್ತವೆ. ಎಷ್ಟು ತೊಳೆದರೂ ಅವು ಹೋಗುವುದಿಲ್ಲ. ನೇರ ಕಿರಣ ಮತ್ತು ಓರೆ ಕಿರಣ ಎರಡರಲ್ಲೂ ನೋಡಿ, ಎರಡರ ಅನುಪಾತದಿಂದ ಕುಳಿಯೋ ಕಣವೋ ಎಂದು ಬೇರ್ಪಡಿಸುತ್ತಾರೆ.

ಪ್ರಶ್ನೆ: ನಮ್ಮ ರೈಸ್ ಮಿಲ್‌ನ್ಯಾಗ ಸಾರ್ಟೆಕ್ಸ್ ಮಷಿನ್ ಐತ್ರಿ. ಅದೂ ಕ್ಯಾಮೆರಾದಿಂದ ನೋಡಿ ಕಪ್ಪು ಕಾಳು, ಹಳದಿ ಕಾಳು ಹೊರಗ ಹಾಕ್ತೈತಿ. ವೇಫರ್ ನೋಡೋ ಮಷಿನ್ನೂ ಇದೇ ರೀತಿ ಏನ್ರಿ?
(ಸಾರ್ಟೆಕ್ಸ್ ಆಪರೇಟರ್, ಗಂಗಾವತಿ)

ಎರಡಕ್ಕೂ ನೆಂಟಸ್ತಿಕೆ ಇದೆ. ಸಾರ್ಟೆಕ್ಸಿನಲ್ಲಿ ಇರುವ ಗೆರೆ ಕ್ಯಾಮೆರಾದ ತಮ್ಮನೇ ವೇಫರ್ ಯಂತ್ರದಲ್ಲೂ ಇದೆ. ಒಂದೇ ಜಾಗವನ್ನು ನೂರಾರು ಗೆರೆಗಳಲ್ಲಿ ಮತ್ತೆಮತ್ತೆ ನೋಡಿ ಬೆಳಕನ್ನು ಕೂಡಿಸುತ್ತಾ ಹೋಗುವುದು ಅದರ ಹೆಚ್ಚುಗಾರಿಕೆ. ನಿಮ್ಮ ದಿನದ ತಲೆನೋವೂ ಇಲ್ಲಿ ಹಾಗೇ ಇದೆ. ಸೆನ್ಸಿಟಿವಿಟಿ ಏರಿಸಿದರೆ ರಿಜೆಕ್ಷನ್ ಚೀಲಕ್ಕೆ ಒಳ್ಳೆ ಅಕ್ಕಿಯೂ ಹೋಗುತ್ತದೆ, ಇಳಿಸಿದರೆ ಕಪ್ಪು ಕಾಳು ಒಳ್ಳೆ ಅಕ್ಕಿಯಲ್ಲೇ ಉಳಿಯುತ್ತದೆ. ವೇಫರಿನಲ್ಲೂ ಥ್ರೆಶೋಲ್ಡ್ (ದೋಷ ಎನ್ನಲು ದಾಟಬೇಕಾದ ಮಿತಿ) ಇಳಿಸಿದರೆ ದೋಷವಲ್ಲದ್ದೂ ದೋಷದ ಪಟ್ಟಿಗೆ ಬರುತ್ತದೆ, ಏರಿಸಿದರೆ ನಿಜವಾದದ್ದು ತಪ್ಪಿಸಿಕೊಳ್ಳುತ್ತದೆ. ಒಂದು ವ್ಯತ್ಯಾಸ: ಇಲ್ಲಿ ಗಾಳಿ ಊದಿ ಹೊರಹಾಕುವ ವಾಲ್ವ್ ಇಲ್ಲ. ಯಂತ್ರ ದೋಷವನ್ನು ತೆಗೆಯುವುದಿಲ್ಲ, ಎಲ್ಲಿದೆ ಎಂದು ನಕ್ಷೆ ಕೊಡುತ್ತದೆ ಅಷ್ಟೆ.

ದಾರಿ ಬೇರೆಯಾಗುವುದು ಯಾವುದಕ್ಕೆ ಹೋಲಿಸಬೇಕು ಎಂಬಲ್ಲಿ. ಅಕ್ಕಿ ಇಷ್ಟು ಬೆಳ್ಳಗಿರಬೇಕು ಎಂದು ನೀವು ಮೊದಲೇ ಹೇಳಿಟ್ಟಿರುತ್ತೀರಿ. ಚಿಪ್ಪಿನ ವಿನ್ಯಾಸ ಮೂಡಿದ ವೇಫರ್ ಮೇಲೆ ಗೆರೆ, ತೂತು, ಚೌಕ ತುಂಬಿಕೊಂಡಿರುವುದರಿಂದ ಅಂಥ ಒಂದೇ ಅಳತೆ ನಡೆಯುವುದಿಲ್ಲ. ಆದರೆ ಒಂದೇ ವಿನ್ಯಾಸ ನೂರಾರು ಸಲ ಮರುಕಳಿಸುತ್ತದಲ್ಲ, ಅದನ್ನೇ ಬಳಸಿಕೊಳ್ಳುತ್ತಾರೆ. ಒಂದು ಡೈ (ವೇಫರ್ ಮೇಲಿನ ಒಂದೊಂದು ಚಿಪ್) ಚಿತ್ರವನ್ನು ಎಡಗಡೆಯ ಡೈ ಚಿತ್ರದಿಂದ ಕಳೆಯುತ್ತಾರೆ, ಬಲಗಡೆಯದರಿಂದಲೂ ಕಳೆಯುತ್ತಾರೆ. ಎರಡರಲ್ಲೂ ಒಂದೇ ಜಾಗದಲ್ಲಿ ವ್ಯತ್ಯಾಸ ಉಳಿದರೆ ದೋಷ ನಡುವಿನ ಡೈಯದ್ದು. ಒಂದರಲ್ಲಿ ಮಾತ್ರ ಉಳಿದರೆ ಆ ನೆರೆಯದ್ದು.

ಇದರಲ್ಲಿ ಒಂದು ಕುರುಡು ಮೂಲೆ ಇದೆ. ವಿನ್ಯಾಸವನ್ನು ವೇಫರಿಗೆ ಮುದ್ರಿಸುವ ಅಚ್ಚಾದ ಫೋಟೊ ಮಾಸ್ಕ್ ಮೇಲೆಯೇ ಕಣ ಕೂತಿದ್ದು, ಮಾಸ್ಕಿನಲ್ಲಿ ಒಂದೇ ಡೈ ಇದ್ದರೆ, ಆ ದೋಷ ಎಲ್ಲ ಡೈಗಳಲ್ಲೂ ಅದೇ ಜಾಗದಲ್ಲಿ ಮೂಡುತ್ತದೆ. ಕಳೆದಾಗ ಉಳಿಯುವುದು ಸೊನ್ನೆ! ಆಗ ವಿನ್ಯಾಸದ ಮೂಲ ಕಡತಕ್ಕೋ ಮೊದಲೇ ಪರೀಕ್ಷಿಸಿಟ್ಟ ಒಳ್ಳೆಯ ಡೈ ಚಿತ್ರಕ್ಕೋ ಹೋಲಿಸಬೇಕು. ಮಾಸ್ಕಿನಲ್ಲಿ ಎರಡು ಮೂರು ಡೈ ಇದ್ದರೆ ಮಾಸ್ಕಿನ ಅಂತರಕ್ಕೆ ಸರಿಯಾಗಿ ದೋಷ ಮರುಕಳಿಸುವುದರಿಂದ ಸಿಕ್ಕಿಬೀಳುತ್ತದೆ.

ಇನ್ನು ಎಷ್ಟು ನೋಡಬೇಕು ಎಂಬ ಲೆಕ್ಕ. 300 ಮಿ.ಮೀ. ವೇಫರಿನ ಮೇಲ್ಮೈ ಸುಮಾರು 707 ಚದರ ಸೆಂ.ಮೀ. ಒಂದು ಪಿಕ್ಸೆಲ್ 100 ನ್ಯಾನೊಮೀಟರ್ ಎಂದು ಹಿಡಿದರೆ ಇಡೀ ವೇಫರಿಗೆ ಸುಮಾರು 7 ಲಕ್ಷ ಕೋಟಿ ಪಿಕ್ಸೆಲ್. ಒಂದು ಗಂಟೆಯಲ್ಲಿ ಮುಗಿಸಬೇಕೆಂದರೆ ಸೆಕೆಂಡಿಗೆ ಸುಮಾರು 200 ಕೋಟಿ. ನೂರು ಕೋಟಿ ಪಿಕ್ಸೆಲ್ಲಿಗೆ ಒಂದೇ ಒಂದು ಸುಳ್ಳು ಎಚ್ಚರಿಕೆ ಬಂದರೂ ವೇಫರೊಂದಕ್ಕೆ 7 ಸಾವಿರ ಸುಳ್ಳು ದೋಷ. ನಿಜವಾದವು ಇಪ್ಪತ್ತೋ ಮೂವತ್ತೋ ಇದ್ದಾಗ ಈ ರಾಶಿಯಲ್ಲಿ ಅವನ್ನು ಹುಡುಕುವುದೇ ಈ ಉದ್ಯೋಗದ ಅರ್ಧ ಕೆಲಸ. ಪದರದ ದಪ್ಪ ಡೈಯಿಂದ ಡೈಗೆ ಚೂರು ಬದಲಾದರೆ ಬಣ್ಣ ಬದಲಾಗುತ್ತದೆ, ಗೆರೆಗಳ ಅಂಚು ಒರಟಾಗಿದ್ದರೆ ಅಲ್ಲೂ ವ್ಯತ್ಯಾಸ ಉಳಿಯುತ್ತದೆ, ವೇಫರ್ ಹೊತ್ತ ಮೇಜು ಒಂದಿಷ್ಟು ಕಂಪಿಸಿದರೂ ಎರಡು ಚಿತ್ರಗಳು ಕೂಡಿಕೊಳ್ಳುವುದಿಲ್ಲ. ಸುಳ್ಳು ದೋಷಗಳು ಹುಟ್ಟುವುದು ಬಹುಪಾಲು ಇಲ್ಲಿಂದ.

ಪ್ರಶ್ನೆ: ಒಂದು ಕಣದಿಂದ ಅಷ್ಟೇನು ಹಾಳಾಗುತ್ತದೆ?
(ಪಿಯುಸಿ ವಿದ್ಯಾರ್ಥಿ, ಕುಷ್ಟಗಿ)

ಆ ಒಂದು ಚಿಪ್ ಹಾಳಾಗುತ್ತದೆ. ಚಿಪ್ ದೊಡ್ಡದಾದಷ್ಟೂ ಕಣ ಅದರ ಮೇಲೇ ಬೀಳುವ ಸಾಧ್ಯತೆ ಹೆಚ್ಚು. ಚದರ ಸೆಂ.ಮೀ.ಗೆ ಸರಾಸರಿ 0.5 ಮಾರಕ ದೋಷ ಎಲ್ಲೆಂದರಲ್ಲಿ ಬಿದ್ದಿವೆ ಎಂದುಕೊಂಡರೆ, ಒಂದು ಚದರ ಸೆಂ.ಮೀ. ಚಿಪ್ಪುಗಳಲ್ಲಿ ನೂರಕ್ಕೆ ಸುಮಾರು 61 ಚೆನ್ನಾಗಿ ಬರುತ್ತವೆ. ಕಾಲು ಚದರ ಸೆಂ.ಮೀ. ಚಿಪ್ಪಾದರೆ 88. ಎಲ್ಲ ಕಣವೂ ಮಾರಕವಲ್ಲ. ಗೆರೆಗಳಿಲ್ಲದ ಖಾಲಿ ಜಾಗದಲ್ಲಿ ಬಿದ್ದದ್ದು ಹಾಗೇ ಇದ್ದುಬಿಡಬಹುದು.

ಪ್ರಶ್ನೆ: ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ 100 ಮಿ.ಮೀ. ವ್ಯಾಸದ ಪಾಲಿಶ್ ವೇಫರುಗಳಿವೆ. ದೊಡ್ಡ ಯಂತ್ರ ಕೊಳ್ಳುವ ಶಕ್ತಿ ಇಲ್ಲ. ಮೈಕ್ರೊಸ್ಕೋಪಿನಲ್ಲೇ ತಪಾಸಣೆ ಮಾಡಬಹುದೇ? ವಿದ್ಯಾರ್ಥಿಗಳು ಮಾಡಬಹುದಾದ ಬೇರೆ ವ್ಯವಸ್ಥೆ ಇದೆಯೇ?
(ಎಲೆಕ್ಟ್ರಾನಿಕ್ಸ್ ವಿಭಾಗದ ಉಪನ್ಯಾಸಕರು, ಬಳ್ಳಾರಿ, ಇದೇ ಅರ್ಥದ ಇನ್ನೊಂದು ಪತ್ರ ರಾಯಚೂರಿನಿಂದ)

ಮೈಕ್ರೊಸ್ಕೋಪಿನಿಂದ ಹುಡುಕಲು ಹೋಗಬೇಡಿ. 50 ಪಟ್ಟಿನ ವಸ್ತುಮಸೂರದಲ್ಲಿ ಒಂದು ಸಲಕ್ಕೆ ಕಾಣುವ ವೃತ್ತದ ವ್ಯಾಸ ಸುಮಾರು 0.44 ಮಿ.ಮೀ. ಇಡೀ ವೇಫರ್ ಮುಗಿಸಲು 51 ಸಾವಿರಕ್ಕೂ ಹೆಚ್ಚು ಸಲ ಜಾಗ ಬದಲಿಸಬೇಕು. ಒಂದೊಂದಕ್ಕೆ 5 ಸೆಕೆಂಡ್ ಎಂದರೂ ಎಪ್ಪತ್ತೊಂದು ಗಂಟೆ ದಾಟುತ್ತದೆ. ಎಲ್ಲಿದೆ ಎಂದು ಗೊತ್ತಾದ ಮೇಲೆ ಏನು ಎಂದು ನೋಡಲು ಮೈಕ್ರೊಸ್ಕೋಪ್ ಸರಿ. ಹುಡುಕಲು ಡಾರ್ಕ್‌ಫೀಲ್ಡ್ ಪೆಟ್ಟಿಗೆಯೊಂದನ್ನು ನೀವೇ ಮಾಡಿಕೊಳ್ಳಬಹುದು.

ಒಳಗೆ ಮ್ಯಾಟ್ ಕಪ್ಪು ಬಣ್ಣ ಹೊಡೆದ ತಗಡಿನ ಅಥವಾ ಪ್ಲಾಸ್ಟಿಕ್ ಪೆಟ್ಟಿಗೆ ತೆಗೆದುಕೊಳ್ಳಿ. ರಟ್ಟು ಬೇಡ, ಕಪ್ಪು ಮಖಮಲ್ ಅಂತೂ ಬೇಡವೇ ಬೇಡ. ಬೆಳಕು ನುಂಗಲು ಮಖಮಲ್ ಒಳ್ಳೆಯದು ನಿಜ, ಆದರೆ ಅದರಿಂದ ಉದುರುವ ನೂಲಿನ ಎಳೆಗಳೇ ವೇಫರ್ ತುಂಬ ಕೂರುತ್ತವೆ. ತಳದಲ್ಲಿ ಮೂರು ಪ್ಲಾಸ್ಟಿಕ್ ಗುಬುಟುಗಳ ಮೇಲೆ, ಪಾಲಿಶ್ ಮುಖ ಮೇಲೆ ಬರುವಂತೆ ವೇಫರ್ ಇಡಿ. ಬಿಳಿ ಎಲ್ಇಡಿ ಟಾರ್ಚನ್ನು 15ರಿಂದ 20 ಸೆಂ.ಮೀ. ದೂರದಲ್ಲಿ, ವೇಫರಿನ ಸಮತಲದಿಂದ 10ರಿಂದ 15 ಡಿಗ್ರಿಯಷ್ಟೇ ಮೇಲಿರುವಂತೆ ಕೂರಿಸಿ. ಎದುರು ಗೋಡೆಯಲ್ಲಿ ಒಂದು ಕಿಂಡಿ ಕೊರೆದರೆ ಪ್ರತಿಫಲಿತ ಬೆಳಕು ಹೊರಗೆ ಹೋಗುತ್ತದೆ. ಕ್ಯಾಮೆರಾ ನೆತ್ತಿಯ ಮೇಲೆ ನೇರವಾಗಿರಲಿ.

ನೀಲಿ ಬೆಳಕು ಹಾಕಿದರೆ ಹೆಚ್ಚು ಕಾಣುತ್ತದೆಯೇ ಎಂದು ರಾಯಚೂರಿನ ಪತ್ರದಲ್ಲಿ ಕೇಳಿದ್ದಾರೆ. ಇಲ್ಲಿ ಸಿಗುವುದು ಕೆಲವು ಮೈಕ್ರಾನ್ ಗಾತ್ರದ ಧೂಳು. ನಾಲ್ಕನೇ ಘಾತದ ನಿಯಮ ತರಂಗಾಂತರಕ್ಕಿಂತ ಬಹಳ ಚಿಕ್ಕ ಕಣಕ್ಕೆ ಮಾತ್ರ. ಬಿಳಿ ಟಾರ್ಚ್ ಸಾಕು. ಲೇಸರ್ ಪಾಯಿಂಟರ್ ಬಳಸಬೇಡಿ: ಕೆಂಪು ಬೆಳಕಿನ ಸುಮಾರು ಶೇಕಡ 35ರಷ್ಟನ್ನು ನೇರ ಬಿದ್ದಾಗಲೇ ಸಿಲಿಕಾನ್ ಹಿಂದಕ್ಕೆ ಕಳಿಸುತ್ತದೆ, ಆ ಕಿರಣ ಯಾರ ಕಣ್ಣಿಗೆ ಹೋದೀತು ಹೇಳಲಾಗದು.

24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 110 ಮಿ.ಮೀ. ಅಗಲ 4,000 ಪಿಕ್ಸೆಲ್ಲಿಗೆ ಬಂದರೆ ಒಂದು ಪಿಕ್ಸೆಲ್ 27.5 ಮೈಕ್ರಾನ್. 5 ಮೈಕ್ರಾನ್ ಕಣ ಪಿಕ್ಸೆಲ್ಲಿಗಿಂತ ಚಿಕ್ಕದಾದರೂ ಚುಕ್ಕೆಯಾಗಿ ಹೊಳೆಯುತ್ತದೆ, ಮೊದಲ ಪ್ರಶ್ನೆಗೆ ಹೇಳಿದ ಕಾರಣಕ್ಕೇ. ಫೋಕಸ್ ಕೈಯಿಂದ ಮಾಡಿ. ಆಟೊ ಫೋಕಸ್ ಬಿಟ್ಟರೆ ಅದು ಕನ್ನಡಿಯಂಥ ಮೇಲ್ಮೈಯಲ್ಲಿ ಕಾಣುವ ಲೆನ್ಸಿನ ಪ್ರತಿಬಿಂಬದ ಹಿಂದೆ ಬೀಳುತ್ತದೆ. ಐಎಸ್‌ಒ 200, ಎಫ್ 4, 2 ಸೆಕೆಂಡಿನಿಂದ ಶುರು ಮಾಡಿ. ರಾ ಕಡತವನ್ನೇ ಉಳಿಸಿ, ಜೆಪೆಗ್ ಮಾಡಿದರೆ ಮಂದ ಚುಕ್ಕೆಗಳನ್ನು ಸಾಫ್ಟ್‌ವೇರೇ ನುಂಗಿಹಾಕುತ್ತದೆ.

ಈಗ ಮುಖ್ಯ ಹಂತ. ಟಾರ್ಚ್ ಆರಿಸಿ ಅದೇ ಎಕ್ಸ್‌ಪೋಶರಿನಲ್ಲಿ ಒಂದು ಕತ್ತಲೆ ಚಿತ್ರ ತೆಗೆದು ಕಳೆಯಿರಿ, ಕ್ಯಾಮೆರಾದ ಹಾಟ್ ಪಿಕ್ಸೆಲ್‌ಗಳು ಹೋಗುತ್ತವೆ. ಆಮೇಲೆ ವೇಫರನ್ನು 90 ಡಿಗ್ರಿ ತಿರುಗಿಸಿ ಇನ್ನೊಂದು ಚಿತ್ರ ತೆಗೆಯಿರಿ. ವೇಫರಿನೊಂದಿಗೆ ತಿರುಗಿದ ಚುಕ್ಕೆ ವೇಫರಿನದ್ದು, ನಿಂತಲ್ಲೇ ನಿಂತದ್ದು ಪೆಟ್ಟಿಗೆಯ ಪ್ರತಿಬಿಂಬ. ದಿಕ್ಕು ಗುರುತಿಸಲು ಅಂಚಿನ ಚಪ್ಪಟೆ ಭಾಗವೇ ಸಾಕು, ಪೆನ್ನಿನ ಗುರುತು ಹಾಕಬೇಡಿ. ಗೀರು ಹುಡುಕುವುದಾದರೆ 30 ಡಿಗ್ರಿಗೊಂದರಂತೆ ಆರು ಚಿತ್ರ ಬೇಕು. ಗೀರಿಗೆ ಅಡ್ಡಲಾಗಿ ಬೆಳಕು ಬಿದ್ದಾಗ ಅದು ಥಳಥಳಿಸುತ್ತದೆ, ಗೀರಿನ ಉದ್ದಕ್ಕೆ ಬಿದ್ದಾಗ ಮಾಯ. ಒಂದೇ ಚಿತ್ರ ನೋಡಿ "ಗೀರಿಲ್ಲ" ಎಂದು ಬರೆಯುವುದು ಸಾಮಾನ್ಯ ತಪ್ಪು.

ಎಣಿಸುವಾಗ ಅಂಚಿನ 3ರಿಂದ 5 ಮಿ.ಮೀ. ಬಿಟ್ಟುಬಿಡಿ, ಉರುಟು ಮಾಡಿದ ಅಂಚು ತಾನಾಗಿಯೇ ಹೊಳೆಯುತ್ತದೆ. ಹಿನ್ನೆಲೆಯ ಸರಾಸರಿಗಿಂತ ಎಷ್ಟು ಸಿಗ್ಮಾ (ಗದ್ದಲದ ಪ್ರಮಾಣಿತ ವಿಚಲನೆ) ಮೇಲಿದ್ದರೆ ಚುಕ್ಕೆ ಎನ್ನಬೇಕು? ವೇಫರ್ ಮೇಲೆ ಸುಮಾರು 1 ಕೋಟಿ ಪಿಕ್ಸೆಲ್ ಬರುತ್ತವೆ. 3 ಸಿಗ್ಮಾ ಇಟ್ಟರೆ ಗದ್ದಲದಿಂದಲೇ ಹದಿನಾಲ್ಕು ಸಾವಿರ ಸುಳ್ಳು ಚುಕ್ಕೆ, 5 ಸಿಗ್ಮಾ ಇಟ್ಟರೆ ಮೂರು. ಈ ಒಂದು ಲೆಕ್ಕವನ್ನು ವಿದ್ಯಾರ್ಥಿಗಳ ಕೈಯಲ್ಲಿ ಮಾಡಿಸಿದರೆ ದೊಡ್ಡ ಯಂತ್ರದ ಕಷ್ಟವೂ ಅರ್ಥವಾಗುತ್ತದೆ.

ಧೂಳೋ ಕುಳಿಯೋ ಎಂದು ತಿಳಿಯಲು ರಬ್ಬರ್ ಬ್ಲೋಯರಿನಿಂದ ಊದಿ ಮತ್ತೆ ಚಿತ್ರ ತೆಗೆಯಿರಿ. ಕಂಪ್ರೆಸರ್ ಗಾಳಿ ಬೇಡ, ಅದರಲ್ಲಿ ಎಣ್ಣೆ ಹನಿ ಇರುತ್ತದೆ. ಬಟ್ಟೆಯಿಂದ ಒರೆಸಿದರೆ ಅಲ್ಲಿಗೆ ವೇಫರ್ ಕಥೆ ಮುಗಿಯಿತು. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಗಾಳಿ ಒಣಗಿರುವಾಗ ಪ್ಲಾಸ್ಟಿಕ್ ಡಬ್ಬಿ ಉಜ್ಜಿದರೇ ಸ್ಥಿರವಿದ್ಯುತ್ ಹುಟ್ಟಿ ಧೂಳನ್ನು ಎಳೆದುಕೊಳ್ಳುತ್ತದೆ. ಚಿಪ್ ಕಾರ್ಖಾನೆಗಳು ಆರ್ದ್ರತೆಯನ್ನು ಶೇಕಡ 40-45ರ ಆಸುಪಾಸಿನಲ್ಲಿ ಹಿಡಿದಿಡಲು ಇದೂ ಒಂದು ಕಾರಣ. ಹೆಪಾ ಫಿಲ್ಟರಿನಿಂದ ಸೋಸಿದ ಗಾಳಿ ಬಿಡುವ ಲ್ಯಾಮಿನಾರ್ ಫ್ಲೋ ಬೆಂಚ್ ಇದ್ದರೆ ಅರ್ಧ ಗಂಟೆ ಮೊದಲೇ ಚಾಲೂ ಮಾಡಿ, ಪೆಟ್ಟಿಗೆಯನ್ನು ಅದರೊಳಗೇ ಇಡಿ.

ಪ್ರಶ್ನೆ: ಕಾಲೇಜಿನ ಪಾಲಿಶ್ ವೇಫರನ್ನು ತೊಳೆದ ಮೇಲೆ ಉಂಗುರದಂಥ ಕಲೆಗಳು ಕಾಣಿಸಿಕೊಂಡವು. ಮಿನರಲ್ ವಾಟರಿನಲ್ಲೇ ತೊಳೆದಿದ್ದೆವು.
(ಬಿ.ಇ. ವಿದ್ಯಾರ್ಥಿಗಳು, ರಾಯಚೂರು)

ಬಾಟಲಿ ನೀರು ಕುಡಿಯಲು ಶುದ್ಧ, ವೇಫರಿಗೆ ಉಪ್ಪುನೀರು. ಲೀಟರಿಗೆ 50 ಮಿಲಿಗ್ರಾಂ ಲವಣವಿರುವ ನೀರಿನ ಒಂದು ಮೈಕ್ರೊಲೀಟರ್ ಹನಿ ಒಣಗಿದರೆ 50 ನ್ಯಾನೊಗ್ರಾಂ ಉಳಿಯುತ್ತದೆ. ಅದು 1 ಮಿ.ಮೀ. ವ್ಯಾಸದಲ್ಲಿ ಹರಡಿಕೊಂಡರೆ ಸುಮಾರು 30 ನ್ಯಾನೊಮೀಟರ್ ದಪ್ಪದ ಪದರ. ಸಮನಾಗಿ ಹರಡದೆ ಅಂಚಿಗೆ ಸೇರುವುದರಿಂದ ಉಂಗುರ ಕಾಣುತ್ತದೆ. ನಿಮ್ಮ ಕಡೆಯ ಬೋರ್‌ವೆಲ್ ನೀರಾದರೆ ಇನ್ನೂ ಹಲವು ಪಟ್ಟು.

ಕಾರ್ಖಾನೆಯಲ್ಲಿ ಬಳಸುವ ಡಿಅಯನೀಕೃತ (ಲವಣದ ಅಯಾನುಗಳನ್ನು ತೆಗೆದ) ನೀರಿನ ರೋಧಕತೆ 18.2 ಮೆಗಾಓಮ್-ಸೆಂ.ಮೀ. ಕಾಲೇಜಿನ ಡಿಅಯನೀಕರಣ ಘಟಕದಿಂದ ಹೊಸದಾಗಿ ಹಿಡಿದ ನೀರು ಬಳಸಿ. ಮುಖ್ಯವಾದದ್ದು ಒಣಗಿಸುವುದು: ಹನಿ ತಾನಾಗಿ ಆರಲು ಬಿಡದೆ, ವೇಫರನ್ನು ಓರೆ ಹಿಡಿದು ಒಂದೇ ದಿಕ್ಕಿನಿಂದ ಸಾರಜನಕ ಊದಿ ನೀರನ್ನು ಅಂಚಿಗೆ ತಳ್ಳಬೇಕು. ಕಣ ತೆಗೆಯುವ ವಾಡಿಕೆಯ ದ್ರಾವಣ ಅಮೋನಿಯಂ ಹೈಡ್ರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್, ನೀರು 1:1:5 ಪ್ರಮಾಣದಲ್ಲಿ, 75ರಿಂದ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹತ್ತು ನಿಮಿಷ. ಹೊಗೆ ಎಳೆಯುವ ಫ್ಯೂಮ್ ಹುಡ್, ಮುಖಕವಚ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಪ್ರಶ್ನೆ: ದೋಷಗಳ ನಕ್ಷೆ ನೋಡಿಯೇ ಯಾವ ಯಂತ್ರದ ತಪ್ಪು ಎಂದು ಹಿರಿಯರು ಹೇಳಿಬಿಡುತ್ತಾರೆ. ಹೇಗೆ?
(ತರಬೇತಿಯಲ್ಲಿರುವ ಎಂಜಿನಿಯರ್, ಮೂಲ ಊರು ಸಿಂಧನೂರು)

ಗಾಳಿಯಿಂದ ಉದುರಿದ ಕಣ ಎಲ್ಲೆಂದರಲ್ಲಿ ಬೀಳುತ್ತದೆ. ಯಂತ್ರ ಮಾಡಿದ ತಪ್ಪಿಗೆ ಯಂತ್ರದ ಚಲನೆಯ ರೂಪ ಇರುತ್ತದೆ. ಬಾಗಿದ ಕಮಾನಿನಂಥ ಗೀರುಗಳು ಕಂಡರೆ ಪಾಲಿಶ್ ಮಾಡುವ ಹಂತದಲ್ಲಿ, ಪ್ಯಾಡ್ ಮೇಲೆ ಗಟ್ಟಿಯಾದ ಸ್ಲರಿ (ಪಾಲಿಶ್ ದ್ರಾವಣ) ಚೂರನ್ನು ಮೊದಲು ಸಂಶಯಿಸಿ. ನಡುವಿನಿಂದ ಹೊರಕ್ಕೆ ಬಾಲ ಬಿಟ್ಟ ಧೂಮಕೇತುಗಳು ಕಂಡರೆ ಬೆಳಕಿಗೆ ಸ್ಪಂದಿಸುವ ರೆಸಿಸ್ಟ್ ಪದರ ಲೇಪಿಸುವಾಗ ಕಣ ಅಡ್ಡ ಬಂದಿದೆ. ನೇರ, ಚಿಕ್ಕ ಗೀರು ಅಂಚಿನಿಂದ ಒಳಕ್ಕೆ ಬಂದಿದ್ದರೆ ಎತ್ತಿಡುವ ಕೈ. ಮೂರು ಗುಂಪುಗಳು ಸಮ ಅಂತರದಲ್ಲಿದ್ದರೆ ವೇಫರನ್ನು ಎತ್ತುವ ಮೂರು ಪಿನ್ನುಗಳು. ಅಂಚಿನ ಸುತ್ತ ಮಾತ್ರ ಚೂರುಗಳಿದ್ದರೆ ಪದರ ಸಿಪ್ಪೆ ಏಳುತ್ತಿದೆ.

ಮುದ್ರಣದಲ್ಲಿ ಒಂದೇ ಜಾಗ ಪದೇಪದೇ ಮಸುಕಾದರೆ ವೇಫರಿನ ಬೆನ್ನು ನೋಡಿ. ವೇಫರ್ ಹಿಡಿದಿಡುವ ಚಕ್ ಮೇಲೆ ಕೂತ ಒಂದು ಕಣ ವೇಫರನ್ನು ಅಲ್ಲಿ ಉಬ್ಬಿಸಿ ಫೋಕಸ್ ತಪ್ಪಿಸುತ್ತದೆ. ಮುಂಭಾಗದಲ್ಲಿ ಎಷ್ಟು ಹುಡುಕಿದರೂ ಕಣ ಸಿಗುವುದಿಲ್ಲ.

ಎರಡು ಎಚ್ಚರಿಕೆ. ನಕ್ಷೆಯಲ್ಲಿ ನಾಚ್ (ದಿಕ್ಕು ಗುರುತಿಸಲು ಅಂಚಿನಲ್ಲಿ ಕೊರೆದ ಕಚ್ಚು) ಯಾವ ಕಡೆ ಇದೆ ಎಂದು ಮೊದಲು ನೋಡಿ. ಎರಡು ಯಂತ್ರಗಳ ನಕ್ಷೆ 90 ಡಿಗ್ರಿ ತಿರುಗಿದ್ದರೆ ಬೇರೆಯವರ ಯಂತ್ರದ ಮೇಲೆ ದೂರು ಹೊರಿಸಿಬಿಡುತ್ತೀರಿ. ಎರಡನೆಯದು ಕಣ ಪರೀಕ್ಷೆಯ ಕೂಡು-ಕಳೆ. ಯಂತ್ರಕ್ಕೆ ಹೋಗುವ ಮೊದಲು 12 ಕಣ, ಬಂದ ಮೇಲೆ 19 ಎಂದರೆ "7 ಸೇರಿತು" ಎಂದು ಬರೆಯಬೇಡಿ. 5 ಉದುರಿ 12 ಹೊಸದಾಗಿ ಸೇರಿರಬಹುದು. ಜಾಗಕ್ಕೆ ಜಾಗ ಹೊಂದಿಸಿ ಹೊಸದಾಗಿ ಬಂದವನ್ನೇ ಎಣಿಸಬೇಕು. ಹೊಂದಿಸುವ ತ್ರಿಜ್ಯ ತೀರ ಕಿರಿದಾದರೆ ಹಳೆಯ ಕಣವೇ ಹೊಸದೆಂದು ಎರಡನೇ ಸಲ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ತೋರಣಗಲ್ಲು, ಸಂಡೂರು ಕಡೆಯ ಕಬ್ಬಿಣದ ಅದಿರಿನ ಕೆಂಪು ಧೂಳಿನ ನಡುವೆ ಚಿಪ್ ಕಾರ್ಖಾನೆ ಸಾಧ್ಯವೇ?
(ನಿವೃತ್ತ ಶಿಕ್ಷಕರು, ಸಂಡೂರು)

ಧೂಳನ್ನು ಫಿಲ್ಟರ್ ತಡೆಯುತ್ತದೆ. ಐಎಸ್‌ಒ 5ನೇ ದರ್ಜೆಯ ಕ್ಲೀನ್‌ರೂಮಿನಲ್ಲಿ ಅರ್ಧ ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣ ಘನ ಮೀಟರಿಗೆ 3,520ಕ್ಕಿಂತ ಹೆಚ್ಚಿರುವಂತಿಲ್ಲ. 3ನೇ ದರ್ಜೆಯಲ್ಲಿ 35. ಹೊರಗೆ ಯಾವ ಊರಿದ್ದರೂ ಈ ಮಟ್ಟ ತಲುಪಬಹುದು, ಫಿಲ್ಟರಿನ ಖರ್ಚು ಹೆಚ್ಚಾಗುತ್ತದೆ. ಜಾಗ ಆರಿಸುವಾಗ ಹೆಚ್ಚು ಯೋಚಿಸುವುದು ನೀರು, ಏರಿಳಿತವಿಲ್ಲದ ವಿದ್ಯುತ್ ಮತ್ತು ನೆಲದ ಕಂಪನ. ಗಣಿಯ ಸ್ಫೋಟ, ಅದಿರು ಲಾರಿಗಳ ಓಡಾಟ ಹತ್ತಿರವಿದ್ದರೆ ಕೊನೆಯದೇ ತೊಡಕು.

ನಿಮ್ಮ ಪತ್ರದಲ್ಲಿ ಕಬ್ಬಿಣದ ಮಾತು ಬಂದದ್ದು ಒಳ್ಳೆಯದಾಯಿತು. ಕಾಯಿಸಿದಾಗ ಕಬ್ಬಿಣ ಸಿಲಿಕಾನಿನೊಳಕ್ಕೆ ಬಹು ಬೇಗ ಇಳಿದು, ವಿದ್ಯುತ್ ಹೊರುವ ಎಲೆಕ್ಟ್ರಾನುಗಳಿಗೆ ಬಲೆಯಾಗಿ ಕೂರುತ್ತದೆ. ಹೀಗೆ ಕರಗಿದ ಲೋಹ ಬೆಳಕಿನ ತಪಾಸಣೆಗೆ ಕಾಣುವುದೇ ಇಲ್ಲ. ಕಣ ಸೊನ್ನೆ ಎಂಬ ವರದಿ ಬಂದ ವೇಫರ್ ಕಬ್ಬಿಣದಿಂದ ಕೆಟ್ಟಿರಬಹುದು. ಮೇಲ್ಮೈಯಲ್ಲೇ ಉಳಿದ ಲೋಹಕ್ಕೆ ಎಕ್ಸ್-ರೇ ಪ್ರತಿದೀಪ್ತಿ ಅಥವಾ ರಾಸಾಯನಿಕ ವಿಶ್ಲೇಷಣೆ ಬೇಕು, ಒಳಕ್ಕೆ ಇಳಿದದ್ದಕ್ಕೆ ಎಲೆಕ್ಟ್ರಾನುಗಳು ಎಷ್ಟು ಹೊತ್ತು ಉಳಿಯುತ್ತವೆ ಎಂದು ಅಳೆಯುವ ವಿಧಾನ ಬೇಕು.

ಪ್ರಶ್ನೆ: ಈಗ ಎಲ್ಲವನ್ನೂ ಎಐ ಮಾಡುತ್ತದಲ್ಲ?
(ಮಾನ್ವಿ)

ಸಿಕ್ಕ ದೋಷಗಳನ್ನು ಗೀರು, ಕಣ, ಕಲೆ ಎಂದು ವಿಂಗಡಿಸುವುದರಲ್ಲಿ ಬಹಳ ಸಹಾಯವಾಗಿದೆ. ಡಿಟೆಕ್ಟರಿಗೆ ಬಾರದ ಫೋಟಾನನ್ನು ಯಾವ ಎಐ ಕೂಡ ತಂದುಕೊಡುವುದಿಲ್ಲ.

ಪ್ರಶ್ನೆ: ಈ ಕ್ಷೇತ್ರಕ್ಕೆ ಬರಲು ಏನು ಓದಬೇಕು? ಕೆಲಸ ಎಲ್ಲಿದೆ?
(ಡಿಪ್ಲೊಮಾ ವಿದ್ಯಾರ್ಥಿನಿ, ಲಿಂಗಸುಗೂರು)

ಬೆಳಕಿನ ವಿಜ್ಞಾನ, ಚಿತ್ರ ಸಂಸ್ಕರಣೆ, ಸಂಖ್ಯಾಶಾಸ್ತ್ರ. ಮೂರರಲ್ಲಿ ನಮ್ಮ ಹುಡುಗರು ಕಡೆಗಣಿಸುವುದು ಸಂಖ್ಯಾಶಾಸ್ತ್ರವನ್ನು, ದಿನನಿತ್ಯ ಬೇಕಾಗುವುದೂ ಅದೇ. ಪೈಥಾನಿನಲ್ಲಿ ಚಿತ್ರ ಕಳೆಯುವುದು, ಚುಕ್ಕೆ ಎಣಿಸುವುದನ್ನು ಈಗಲೇ ಅಭ್ಯಾಸ ಮಾಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಹೊರಗಿನ ಕಾಲೇಜಿನವರಿಗೂ ತರಬೇತಿ ಕೊಡುವ ಐಎನ್‌ಯುಪಿ ಎಂಬ ಕಾರ್ಯಕ್ರಮವಿದೆ, ನಿಮ್ಮ ಉಪನ್ಯಾಸಕರ ಮೂಲಕ ವಿಚಾರಿಸಿ. ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ 200 ಮಿ.ಮೀ. ವೇಫರ್ ಮೇಲೆ 180 ನ್ಯಾನೊಮೀಟರ್ ತಂತ್ರಜ್ಞಾನದ ಚಿಪ್ ತಯಾರಾಗುತ್ತದೆ. ಗುಜರಾತಿನ ಧೊಲೇರಾದಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಕೈಗೆತ್ತಿಕೊಂಡದ್ದು ತಿಂಗಳಿಗೆ 50,000 ವೇಫರಿನ ಯೋಜನೆ. ಸಾಣಂದದಂಥ ಕಡೆ ಇರುವ ಪ್ಯಾಕೇಜಿಂಗ್ ಘಟಕಗಳಲ್ಲಿ ತಂತಿ ಬೆಸುಗೆ, ಬಿರುಕು, ಅಂಚು ಒಡೆದದ್ದನ್ನು ಕ್ಯಾಮೆರಾದಿಂದ ನೋಡುವ ಕೆಲಸವಿದೆ. ಡಿಪ್ಲೊಮಾ ಮುಗಿಸಿದವರಿಗೆ ಅದು ಹತ್ತಿರದ ಬಾಗಿಲು.

ಪ್ರಶ್ನೆ: ವೇಫರ್ ಡಬ್ಬಿ ತೆರೆದಾಗ ಪಾಲಿಶ್ ಮುಖ ಕೆಳಗಿತ್ತು. ತಪ್ಪಾಗಿ ಹಾಕಿದ್ದಾರೆಯೇ?
(ಬಳ್ಳಾರಿ)

ಇಲ್ಲ. ಒಂಟಿ ವೇಫರಿನ ಡಬ್ಬಿಯ ತಳ ಬಟ್ಟಲಿನಂತೆ ತಗ್ಗಾಗಿರುತ್ತದೆ, ಪಾಲಿಶ್ ಮುಖ ಎಲ್ಲಿಯೂ ತಾಗದೆ ಅಂಚಷ್ಟೇ ಕೂರುತ್ತದೆ. ಮೇಲಿನ ಜೇಡನಂಥ ಸ್ಪ್ರಿಂಗ್ ಒತ್ತುವುದು ಬೆನ್ನನ್ನು. ಪುಡಿ ಇಲ್ಲದ ನೈಟ್ರೈಲ್ ಕೈಗವಸು ಹಾಕಿಕೊಂಡು ಸ್ಪ್ರಿಂಗ್ ತೆಗೆಯಿರಿ, ಅಂಚನ್ನು ವೇಫರ್ ಚಿಮುಟದಿಂದ ಹಿಡಿದು ಎತ್ತಿ, ಆಮೇಲೆ ತಿರುಗಿಸಿ. 100 ಮಿ.ಮೀ. ವೇಫರಿನ ದಪ್ಪ 525 ಮೈಕ್ರಾನ್ ಮಾತ್ರ, ಅಂಚಿಗೆ ಒಂದು ಪೆಟ್ಟು ಬಿದ್ದರೆ ಸ್ಫಟಿಕದ ದಿಕ್ಕಿನಲ್ಲಿ ನೇರವಾಗಿ ಸೀಳುತ್ತದೆ. ಎತ್ತುವಾಗ ಮಾತಾಡಬೇಡಿ, ಉಗುಳಿನ ಹನಿ ಡಾರ್ಕ್‌ಫೀಲ್ಡಿನಲ್ಲಿ ಎದ್ದು ಕಾಣುತ್ತದೆ.